ಸಾಮಾನು ಗಟ್ಟಿಯಿತ್ತು, ಸವೆದದ್ದು ಯಾರ ಕೈ?

ಹಳೇ ಕಾಲದ ಸಾಮಾನು ಗಟ್ಟಿ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಅಜ್ಜಿಯ ಹಿತ್ತಾಳೆ ಕೊಳದಪ್ಪಲೆ ಇನ್ನೂ ಹಾಗೇ ಇದೆ, ಅಪ್ಪ ತಂದ ಫ್ಯಾನು ನಲವತ್ತು ಬೇಸಿಗೆ ತಿರುಗಿತು, ನಾವು ತಂದ ಮಿಕ್ಸಿ ಮಾತ್ರ ಮೂರನೇ ವರ್ಷಕ್ಕೆ ಹೊಗೆ ಬಿಟ್ಟಿತು. ಹೀಗಂತ ಸ್ಕೂಲ್ ಮೇಷ್ಟ್ರೂ ಹೇಳ್ತಾರೆ, ಪಟೇಲರ ಮೊಮ್ಮಗನೂ ಹೇಳ್ತಾನೆ, ನಮ್ಮ ಕೇರಿಯ ಹೆಂಗಸರೂ ಹೇಳ್ತಾರೆ. ಮಾತು ಸುಳ್ಳಲ್ಲ. ಆದರೆ ಪಟೇಲರ ಮೊಮ್ಮಗ ಹೇಳುವಾಗ ಅವನ ದನಿಯಲ್ಲಿ ಒಂದು ನಿಟ್ಟುಸಿರಿರುತ್ತದೆ. ಸಾಮಾನಿನ ಜೊತೆಗೆ ಇನ್ನೇನೋ ಕಳೆದುಹೋಯಿತು ಎಂಬ ನಿಟ್ಟುಸಿರು. ಆ ಇನ್ನೇನೋ ಯಾವುದು ಅಂತ ನಮಗೆ ಗೊತ್ತು. ಅದಕ್ಕೇ ಈ ಮಾತಿಗೆ ತಲೆಯಾಡಿಸುವ ಮುಂಚೆ ನಾವು ಸ್ವಲ್ಪ ತಡೆದು ಕೇಳಬೇಕಾಗಿದೆ: ಆ ಸಾಮಾನು ತಾನಾಗಿಯೇ ಗಟ್ಟಿಯಿತ್ತೆ? ಇಲ್ಲಾ, ಯಾರೋ ಅದನ್ನು ಗಟ್ಟಿಯಾಗಿ ಇಟ್ಟಿದ್ದರೆ?

ಹಿತ್ತಾಳೆ ಪಾತ್ರೆ ತಾನಾಗಿ ಉಳಿಯುವುದಿಲ್ಲ. ಒಳಗಿನ ತವರದ ಲೇಪ ಸವೆದರೆ ಹುಳಿ ಹಾಕಿದ ಸಾರು ಕಿಲುಬಿ ವಿಷವಾಗುತ್ತದೆ. ಕಲಾಯಿ ಸಾಬರು ತಿದಿ ಹೊತ್ತುಕೊಂಡು ಬಂದು, ಅರಳಿಕಟ್ಟೆಯ ಹತ್ತಿರ ನೆಲ ಅಗೆದು, ಇದ್ದಿಲು ಉರಿಸಿ, ನವಸಾಗರದ ಹೊಗೆ ಕುಡಿದುಕೊಂಡು, ಹತ್ತಿಯಲ್ಲಿ ತವರ ಬಳಿದು ಕೊಡ್ತಿದ್ದರು. ಬೀಸೋಕಲ್ಲು ಸವೆದು ನುಣ್ಣಗಾದರೆ ರಾಗಿ ಹಿಟ್ಟಾಗುವುದಿಲ್ಲ. ವಡ್ಡರ ಹೆಂಗಸೋ ಗಂಡಸೋ ಬಂದು ಉಳಿ ಹಿಡಿದು ಅದಕ್ಕೆ ಮತ್ತೆ ಹಲ್ಲು ಹೊಡೆದುಕೊಡಬೇಕಿತ್ತು. ಮೊರ ಹರಿದರೆ ಕೊರಮರ ಮನೆ. ಕುಳ ಮೊಂಡಾದರೆ ಕಮ್ಮಾರನ ಕುಲುಮೆ. ಮೆಟ್ಟು ಕಿತ್ತರೆ, ಬಾವಿಯ ಕಪಿಲೆಗೆ ಕಟ್ಟಿದ ಚರ್ಮದ ಬಾನಿ ತೂತಾದರೆ, ಎತ್ತಿನ ಮಿಣಿ ಹರಿದರೆ ನಮ್ಮ ಮಾದಿಗರ ಕೇರಿಗೆ ಕೂಗು. ಹೊತ್ತಿಲ್ಲ, ಗೊತ್ತಿಲ್ಲ. ಬಾಣಂತಿ ಮನೆಯಲ್ಲಿದ್ದರೂ ಹೋಗಬೇಕು, ಜ್ವರ ಬಂದಿದ್ದರೂ ಹೋಗಬೇಕು. ಪ್ರತಿಫಲ ಏನು? ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಕೈಯೊಡ್ಡಿದರೆ ಒಂದು ಮೊರ ರಾಗಿ, ಅದರಲ್ಲಿ ಅರ್ಧ ಹೊಟ್ಟು. ಹಬ್ಬದ ಮಾರನೇ ದಿನದ ಹಳಸಲು. ಇದಕ್ಕೆ ಆಯ ಅಂತ ಹೆಸರು. ಈಗಿನ ಮಿಕ್ಸಿಗೆ ಎರಡು ವರ್ಷ ವಾರಂಟಿ ಕೊಡ್ತಾರೆ. ಆಗಿನ ಮೆಟ್ಟಿಗೆ ಹುಟ್ಟಿನಿಂದ ಸಾವಿನ ತನಕ ವಾರಂಟಿ ಇತ್ತು, ಮುಂದಿನ ತಲೆಮಾರಿಗೂ ಸೇರಿಸಿ. ವಾರಂಟಿ ಕಾರ್ಡಿನ ಬದಲು ಜಾತಿ ಇತ್ತು, ಅಷ್ಟೆ.

ಆದ್ದರಿಂದ ಬಾಳಿಕೆ ಎನ್ನುವುದು ಲೋಹದ ಗುಣ, ಮರದ ಗುಣ, ಚರ್ಮದ ಗುಣ ಎಂದು ನಂಬುವುದು ಅರ್ಧ ಸತ್ಯ. ಯಾವ ವಸ್ತುವೂ ಬಾಳುವುದಿಲ್ಲ, ಅದನ್ನು ಬಾಳಿಸುತ್ತಾರೆ. ಬಾಳಿಸುವವರ ಕೈ ಎಷ್ಟು ಅಗ್ಗವಾಗಿತ್ತೋ ಸಾಮಾನು ಅಷ್ಟು ಗಟ್ಟಿಯಾಗಿ ಕಾಣುತ್ತಿತ್ತು. ಜಾತಿ ಎನ್ನುವುದು ಕೆಲಸವನ್ನಷ್ಟೇ ಹಂಚಲಿಲ್ಲ, ಕೆಲಸ ಮಾಡುವವರನ್ನೇ ಮೇಲು ಕೀಳು ಅಂತ ಒಡೆದು ಜೋಡಿಸಿತು ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಆ ಜೋಡಣೆಯ ಕೆಳಗಿನ ಸಾಲಿನಲ್ಲಿ ಕೂತವರ ಕೆಲಸ ಬಹುಮಟ್ಟಿಗೆ ಎರಡೇ: ಹೊಲಸು ಎತ್ತುವುದು, ಹರಿದದ್ದನ್ನು ಹೊಲಿಯುವುದು. ಹಳೆಯ ಗಟ್ಟಿತನಕ್ಕಾಗಿ ನಾವು ಅಳುವುದಿಲ್ಲ.

ಇನ್ನೂ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಮಿಕ್ಸಿ ಹಾಳು, ಒರಳುಕಲ್ಲೇ ಚೆನ್ನ, ಕಲ್ಲಲ್ಲಿ ರುಬ್ಬಿದ ಚಟ್ನಿಯ ರುಚಿಯೇ ಬೇರೆ ಎಂದು ಬರೆಯುವ ಗಂಡಸರು ನಮ್ಮಲ್ಲೂ ಇದ್ದಾರೆ, ಪ್ರಗತಿಪರರಲ್ಲೂ ಇದ್ದಾರೆ. ಅವರಲ್ಲಿ ಎಷ್ಟು ಜನ ರುಬ್ಬಿದ್ದಾರೆ? ಬೀಸೋ ಪದಗಳನ್ನು ಸಂಗ್ರಹಿಸಿ ಡಾಕ್ಟರೇಟು ಪಡೆದವರು ಬಹಳ ಜನ. ಬೀಸಿದವಳ ಭುಜ ಯಾಕೆ ಒಂದು ಕಡೆ ವಾಲಿದೆ ಎಂದು ಕೇಳಿದವರು ಕಡಿಮೆ. ನಮ್ಮ ಅವ್ವಂದಿರು ಕೋಳಿ ಕೂಗುವ ಮುಂಚೆ ಎದ್ದು ಮನೆಯ ರಾಗಿ ಬೀಸಿ, ಆಮೇಲೆ ಗೌಡರ ಹೊಲಕ್ಕೆ ಕಳೆ ಕೀಳಲು ಹೋದವರು. ಅವರಿಗೆ ಹಾಡು ಬಂದದ್ದು ಸುಖಕ್ಕಲ್ಲ, ನಿದ್ದೆ ತಡೆಯಲಿಕ್ಕೆ. ಗಾಂಧಿವಾದದ ಯಂತ್ರದ್ವೇಷಕ್ಕೆ ಅಂಬೇಡ್ಕರ್ 1945ರಲ್ಲಿ ಕೊಟ್ಟ ಉತ್ತರ ನಮ್ಮ ಅಡುಗೆಮನೆಗೂ ಸಲ್ಲುತ್ತದೆ. ಮನುಷ್ಯ ಪ್ರಾಣಿಯ ಹಾಗೆ ದುಡಿಯುವುದು ತಪ್ಪಬೇಕಾದರೆ, ಅವನಿಗೆ ಓದಲು, ಯೋಚಿಸಲು ಬಿಡುವು ಸಿಗಬೇಕಾದರೆ ಯಂತ್ರ ಬೇಕೇ ಬೇಕು; ಕೇಡು ಯಂತ್ರದಲ್ಲಿಲ್ಲ, ಅದರ ಲಾಭವನ್ನು ಕೆಲವರೇ ಬಾಚಿಕೊಳ್ಳುವ ಸಮಾಜದ ಕಟ್ಟಿನಲ್ಲಿದೆ ಎಂಬುದು ಅವರ ವಾದ. 2011ರಲ್ಲಿ ತಮಿಳುನಾಡು ಸರ್ಕಾರ ರೇಷನ್ ಕಾರ್ಡಿನವರಿಗೆ ಮಿಕ್ಸಿ, ಗ್ರೈಂಡರ್, ಫ್ಯಾನು ಹಂಚಲು ಶುರುಮಾಡಿದಾಗ ಪೇಟೆಯ ಪತ್ರಿಕೆಗಳು ಬಿಟ್ಟಿ ಭಾಗ್ಯ ಅಂತ ಮೂಗು ಮುರಿದವು. ನಾವು ಮುರಿಯುವುದಿಲ್ಲ. ದಿನಕ್ಕೆ ಒಂದು ಗಂಟೆ ಉಳಿದರೂ ಅದು ಒಬ್ಬ ಹೆಂಗಸಿನ ಗಂಟೆ. ನಾವು ಮಿಕ್ಸಿಯ ಪರ.

ಮಿಕ್ಸಿಯ ಪರ ಇರುವುದರಿಂದಲೇ ಅದು ಯಾಕೆ ಮೂರು ವರ್ಷಕ್ಕೆ ಸಾಯಬೇಕು ಎಂದು ಕೇಳುವ ಹಕ್ಕು ನಮಗಿದೆ.

ನಮ್ಮ ದೇಶದ ಮಿಕ್ಸಿಯ ಕತೆಯೇ ಒಂದು ರಿಪೇರಿಯಿಂದ ಶುರುವಾದದ್ದು. 1960ರ ದಶಕದಲ್ಲಿ ಸತ್ಯಪ್ರಕಾಶ್ ಮಾಥುರ್ ಎಂಬ ಇಂಜಿನಿಯರರ ಮನೆಯಲ್ಲಿದ್ದ ಜರ್ಮನಿಯ ಮಿಕ್ಸರು ಕೆಟ್ಟಿತು. ಇಲ್ಲಿ ಅದನ್ನು ಸರಿಮಾಡುವವರಿಲ್ಲ, ಬಿಡಿಭಾಗವಿಲ್ಲ. ನಮ್ಮ ಅರಿಶಿನದ ಕೊಂಬನ್ನು, ಇಡ್ಲಿ ಹಿಟ್ಟನ್ನು ತಡೆಯುವ ಮೋಟಾರನ್ನು ನಾವೇ ಮಾಡಬೇಕು ಅಂತ ಅವರು ಹೊರಟದ್ದರಿಂದ ಸುಮೀತ್ ಬಂತು. ಇಪ್ಪತ್ತು, ಮೂವತ್ತು ವರ್ಷ ಓಡಿದ ಸುಮೀತ್‌ಗಳು ಈಗಲೂ ಹಳೆಯ ಮನೆಗಳಲ್ಲಿ ಸಿಗುತ್ತವೆ. ಓಡಿದ್ದು ಯಾಕೆಂದರೆ ಬಿಚ್ಚಬಹುದಾಗಿತ್ತು. ಕಾರ್ಬನ್ ಬ್ರಷ್ ಸವೆದರೆ ಹೊಸದು ಹಾಕಬಹುದು, ಬುಷ್ ಸಡಿಲವಾದರೆ ಬದಲಿಸಬಹುದು, ಕಾಯಿಲ್ ಸುಟ್ಟರೆ ತಾಮ್ರದ ತಂತಿ ಸುತ್ತಿ ಮತ್ತೆ ಓಡಿಸಬಹುದು.

ಈ ಸುತ್ತುವವರ ಬಗ್ಗೆ ಯಾರೂ ಬರೆದಿಲ್ಲ. ನಾವಾದರೂ ಬರೆಯಬೇಕು. ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕಗಳಲ್ಲಿ ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಾಲು ಅಂಗಡಿಗಳಿರುತ್ತಿದ್ದವು. ರೇಡಿಯೋ ರಿಪೇರಿ, ಟೇಪ್‌ರೆಕಾರ್ಡರ್ ರಿಪೇರಿ, ಪಂಪ್‌ಸೆಟ್ ವೈಂಡಿಂಗ್, ಫ್ಯಾನು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ. ಆರು ಅಡಿಗೆ ಎಂಟು ಅಡಿ ಗೂಡು. ವಾರ್ನಿಷ್ ವಾಸನೆ, ಸೋಲ್ಡರ್ ಹೊಗೆ, ಗೋಡೆಗೆ ಬಾಬಾಸಾಹೇಬರ ಕ್ಯಾಲೆಂಡರ್, ಇಲ್ಲದಿದ್ದರೆ ಮೆಕ್ಕಾ ಮಸೀದಿಯ ಕ್ಯಾಲೆಂಡರ್. ಐಟಿಐನಲ್ಲಿ ಮೀಸಲಾತಿಯ ಸೀಟಿನಲ್ಲಿ ಎಲೆಕ್ಟ್ರಿಷಿಯನ್ ಓದಿದ ನಮ್ಮ ಹುಡುಗರು, ಶಾಲೆ ಬಿಟ್ಟು ಉಸ್ತಾದರ ಕೈಕೆಳಗೆ ಕಲಿತ ಸಾಬರ ಹುಡುಗರು ಅಲ್ಲಿ ಕೂತಿದ್ದರು. ಈ ಕೆಲಸ ಯಾವ ಜಾತಿಗೂ ಬರೆದಿರಲಿಲ್ಲ. ಮನುವಿಗೆ ಮೋಟಾರು ಗೊತ್ತಿರಲಿಲ್ಲ! ಚಪ್ಪಲಿ ಹೊಲಿಯುವುದು ಹುಟ್ಟಿನಿಂದ ಬಂತು. ಕಾಯಿಲ್ ಸುತ್ತುವುದನ್ನು ಕಲಿಯಬೇಕಿತ್ತು, ಮನಸ್ಸಿದ್ದವನು ಕಲಿಯಬಹುದಿತ್ತು. ಅದಕ್ಕೆ ಕಣದಲ್ಲಿ ರಾಗಿಯಲ್ಲ, ಗಲ್ಲಾಪೆಟ್ಟಿಗೆಗೆ ರೊಕ್ಕ. ಗಿರಾಕಿ ಬಂದರೆ ಕೂರಲು ಸ್ಟೂಲು ಕೊಡುವವನು ನಮ್ಮವನು; ನಾಳೆ ಬನ್ನಿ ಎಂದು ಹೇಳುವವನೂ ನಮ್ಮವನೇ. ನಾಳೆ ಬನ್ನಿ ಎನ್ನುವ ಮಾತನ್ನು ಮೇಲ್ಜಾತಿಯವನಿಗೆ ಹೇಳಲು ನಮ್ಮ ಜನಕ್ಕೆ ಎಷ್ಟು ತಲೆಮಾರು ಹಿಡಿಯಿತು, ಲೆಕ್ಕ ಹಾಕಿ.

ಜಾತಿ ಅಲ್ಲಿಗೆ ಸತ್ತಿತೇ? ಸಾಯಲಿಲ್ಲ. ಒಂದು ಸಂಗತಿ ನಮಗೆ ಚೆನ್ನಾಗಿ ನೆನಪಿದೆ. ಅಗ್ರಹಾರದಿಂದ ಮಿಕ್ಸಿ ರಿಪೇರಿಗೆ ಬಂದರೆ ಮೋಟಾರಿನ ಬುಡ ಮಾತ್ರ ಬರುತ್ತಿತ್ತು. ಜಾರು ಮನೆಯಲ್ಲೇ ಉಳಿಯುತ್ತಿತ್ತು. ಜಾರು ಇಲ್ಲದೆ ಕಪ್ಲರ್ ಕೂತಿದೆಯೋ ಇಲ್ಲವೋ ನೋಡುವುದು ಹೇಗೆ? ಅದಕ್ಕೇ ಅಂಗಡಿಯವರು ತಮ್ಮದೇ ಒಂದು ಹಳೇ ಜಾರು ಇಟ್ಟುಕೊಂಡಿರುತ್ತಿದ್ದರು. ಕರೆಂಟು ಹರಿಯುವ ಭಾಗ ಮುಟ್ಟಬಹುದು, ಚಟ್ನಿ ಇರುವ ಭಾಗ ಮುಟ್ಟಬಾರದು. ಮಡಿ ಕೂಡ ಬಿಡಿಭಾಗ ವಿಂಗಡಿಸುವುದನ್ನು ಕಲಿತಿತ್ತು. ಆದರೂ ನಾವು ಹೇಳುವುದು, ಆ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ರಿಪೇರಿ ಎನ್ನುವುದು ನಮ್ಮ ಚರಿತ್ರೆಯಲ್ಲಿ ಮೊದಲ ಸಲ ಚಾಕರಿಯಾಗಿರದೆ ವಿದ್ಯೆಯಾಗಿತ್ತು. ಸಾಮಾನಿನ ಹೊಟ್ಟೆಯೊಳಗೆ ಏನಿದೆ ಎಂಬುದು ಅದರ ಮಾಲೀಕನಿಗಿಂತ ನಮಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದಕ್ಕೆ ಬೆಲೆಯಿತ್ತು.

ಆ ಸಾಲು ಈಗ ಹೋಗಿ ನೋಡಿ. ಮೊಬೈಲ್ ಕವರು, ಜೆರಾಕ್ಸು, ಬೇಕರಿ. ವೈಂಡಿಂಗ್ ಅಂಗಡಿ ಎಲ್ಲೋ ಒಂದು, ಅದೂ ಬೋರ್‌ವೆಲ್ ಮೋಟಾರಿನಿಂದ ಜೀವ ಹಿಡಿದಿದೆ.

ಆದದ್ದೇನು? ನಮ್ಮ ಹುಡುಗರು ವಿದ್ಯೆ ಮರೆತರೇ? ಇಲ್ಲ. ಸಾಮಾನು ಬಾಯಿ ಮುಚ್ಚಿಕೊಂಡಿತು. ಎಲ್ಲರಿಗೂ ಗೊತ್ತಿರುವ ಟ್ಯೂಬ್‌ಲೈಟನ್ನೇ ತೆಗೆದುಕೊಳ್ಳಿ. ಟ್ಯೂಬು ಬೇರೆ, ಚೋಕು ಬೇರೆ, ಸ್ಟಾರ್ಟರ್ ಬೇರೆ. ಯಾವುದು ಕೆಟ್ಟಿತೋ ಅದನ್ನಷ್ಟೇ ತಂದು ಹಾಕ್ತಿದ್ದೆವು. ಏಳನೇ ಕ್ಲಾಸಿನ ಹುಡುಗ ಸ್ಟೂಲು ಹತ್ತಿ ಸ್ಟಾರ್ಟರ್ ತಿರುಗಿಸುತ್ತಿದ್ದ. ಈಗಿನ ಎಲ್‌ಇಡಿ ಪಟ್ಟಿ ಕೆಟ್ಟರೆ ಇಡೀ ಪಟ್ಟಿ ತಿಪ್ಪೆಗೆ. ಬಲ್ಬಿನದೂ ಅದೇ ಕತೆ. 2015ರ ಜನವರಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬು ಹಂಚಿಕೆಯಾದವು. ಕರೆಂಟು ಉಳಿಯಿತು, ಒಳ್ಳೆಯದೇ. ಆದರೆ ಆ ಬಲ್ಬಿನೊಳಗೆ ಹೊಳೆಯುವ ಪುಟ್ಟ ಕಾಳುಗಳನ್ನು ಸಾಮಾನ್ಯವಾಗಿ ಒಂದರ ಹಿಂದೊಂದು ಸರಪಳಿಯಂತೆ ಪೋಣಿಸಿರುತ್ತಾರೆ. ಒಂದು ಕಾಳು ಸತ್ತರೆ ಇಡೀ ಸಾಲು ಕತ್ತಲು. ಉಳಿದ ಕಾಳುಗಳಿಗೆ ಏನೂ ಆಗಿರುವುದಿಲ್ಲ. ಬಿಚ್ಚೋಣವೆಂದರೆ ಸ್ಕ್ರೂ ಇಲ್ಲ, ಅಂಟು ಹಾಕಿ ಮೆತ್ತಿದ್ದಾರೆ.

ಮಿಕ್ಸಿಯಲ್ಲಿ ತಾಮ್ರದ ಜಾಗಕ್ಕೆ ಅಲ್ಯೂಮಿನಿಯಂ ತಂತಿ ಬಂತು. ಬಿಸಿ ತಡೆಯುವುದಿಲ್ಲ, ಮರುಸುತ್ತಲು ಗಿರಾಕಿಯೂ ಒಪ್ಪುವುದಿಲ್ಲ, ಯಾಕೆಂದರೆ ಸುತ್ತುವ ಕೂಲಿಗೆ ಇನ್ನಷ್ಟು ಸೇರಿಸಿದರೆ ಹೊಸ ಮಿಕ್ಸಿ. ಬಟ್ಟೆ ಒಗೆಯುವ ಮಿಷನ್ನಿನ ಡ್ರಮ್ಮಿನ ಹಿಂದೆ ಒಂದು ಬೇರಿಂಗ್ ಇದೆ. ಕೆಲವು ನೂರು ರೂಪಾಯಿಯ ಸಾಮಾನು. ಹಿಂದೆ ಹೊರಗಿನ ತೊಟ್ಟಿಯ ಎರಡು ಹೋಳುಗಳನ್ನು ಬೋಲ್ಟು ಹಾಕಿ ಸೇರಿಸುತ್ತಿದ್ದರು, ಬಿಚ್ಚಿ ಬೇರಿಂಗ್ ಬದಲಿಸಬಹುದಿತ್ತು. ಈಗ ಅನೇಕ ಮಾಡೆಲ್‌ಗಳಲ್ಲಿ ಆ ಹೋಳುಗಳನ್ನು ಕಾಯಿಸಿ ಬೆಸೆದುಬಿಡುತ್ತಾರೆ. ಬೇರಿಂಗ್ ಹೋದರೆ ಇಡೀ ತೊಟ್ಟಿ ಬದಲಿಸಿ ಎನ್ನುತ್ತಾರೆ. ತೊಟ್ಟಿಯ ಬೆಲೆ ಕೇಳಿದರೆ ಹೊಸ ಮಿಷನ್ನೇ ವಾಸಿ ಅನ್ನಿಸುತ್ತದೆ. ಫ್ರಿಜ್ಜಿನ, ಮಿಷನ್ನಿನ ಬೋರ್ಡಿನ ಮೇಲೆ ಗೋಂದಿನ ಹಾಗೆ ರಾಳ ಸುರಿದು ಗಟ್ಟಿ ಮಾಡಿರುತ್ತಾರೆ. ನೀರಿನ ಪಸೆ ಹೋಗದಿರಲಿ ಅಂತ, ಎಂಬುದು ಕಂಪನಿಯ ಸಮಜಾಯಿಷಿ. ಅದರಲ್ಲಿ ನಿಜವೂ ಇದೆ. ಆದರೆ ನೀರಿನ ಜೊತೆಗೆ ನಮ್ಮ ಹುಡುಗನ ಸೋಲ್ಡರ್ ಕಡ್ಡಿಯೂ ಒಳಗೆ ಹೋಗುವುದಿಲ್ಲ, ಇದೂ ನಿಜ.

ಇದು ಕಾಲದ ಮಹಿಮೆ, ತಂತ್ರಜ್ಞಾನ ಮುಂದುವರಿದರೆ ಹೀಗೇ, ಎನ್ನುವವರಿಗೆ ಒಂದು ಹಳೇ ಕತೆ ಹೇಳಬೇಕು. 1924ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ಜಗತ್ತಿನ ದೊಡ್ಡ ಬಲ್ಬು ಕಂಪನಿಗಳು, ಒಸ್ರಾಂ, ಫಿಲಿಪ್ಸ್ ಮುಂತಾದವು, ಸೇರಿ ಫೀಬಸ್ ಎಂಬ ಕೂಟ ಕಟ್ಟಿದವು. ಅದುವರೆಗೆ 1500, 2000 ಗಂಟೆ ಉರಿಯುತ್ತಿದ್ದ ಬಲ್ಬು ಇನ್ನು ಮೇಲೆ 1000 ಗಂಟೆ ಉರಿದರೆ ಸಾಕು ಎಂದು ಕರಾರು ಮಾಡಿಕೊಂಡವು. ಬಲ್ಬುಗಳನ್ನು ಪರೀಕ್ಷೆಗೆ ಕಳಿಸಬೇಕಿತ್ತು. ಹೆಚ್ಚು ಕಾಲ ಉರಿದರೆ ಮಾಡಿದವನಿಗೆ ದಂಡ! ಕಡಿಮೆ ಬಾಳಿಕೆಯ ಬಲ್ಬು ಹೆಚ್ಚು ಬೆಳಕು ಕೊಡುತ್ತದೆ ಎಂಬ ಸಮರ್ಥನೆಯೂ ಇತ್ತು. ಎರಡನೇ ಮಹಾಯುದ್ಧ ಬಂದು ಕೂಟ ಮುರಿಯಿತು, ಪಾಠ ಉಳಿಯಿತು. 1932ರಲ್ಲಿ ಅಮೆರಿಕದ ಬರ್ನಾರ್ಡ್ ಲಂಡನ್ ಎಂಬಾತ ಇನ್ನೂ ಮುಂದೆ ಹೋಗಿ, ಆರ್ಥಿಕ ಕುಸಿತ ನಿಲ್ಲಬೇಕಾದರೆ ವಸ್ತುಗಳಿಗೆ ಸರ್ಕಾರವೇ ಆಯುಷ್ಯ ಗೊತ್ತುಮಾಡಿ, ಮುಗಿದ ಮೇಲೆ ನಾಶಮಾಡಿಸಬೇಕು ಎಂದು ಪುಸ್ತಿಕೆ ಬರೆದ. ಅಂದರೆ ಬೇಗ ಕೆಡುವುದು ಸೋಲಲ್ಲ, ಅದೂ ಒಂದು ಲೆಕ್ಕಾಚಾರ. ಎಲ್ಲ ಕಂಪನಿಗಳೂ ಕೂತು ಸಂಚು ಮಾಡಿವೆ ಅಂತ ನಾವು ಹೇಳುತ್ತಿಲ್ಲ. ಸಂಚು ಬೇಕಾಗಿಯೇ ಇಲ್ಲ. ಒಬ್ಬ ಹತ್ತು ರೂಪಾಯಿ ಉಳಿಸಲು ಬೋಲ್ಟು ತೆಗೆದರೆ ಪಕ್ಕದವನೂ ತೆಗೆಯುತ್ತಾನೆ.

ಇಲ್ಲಿ ಒಂದು ಗಟ್ಟಿಯಾದ ಎದುರುವಾದವಿದೆ, ಅದಕ್ಕೆ ಮುಖ ತಿರುಗಿಸಬಾರದು. ಹಿಂದೆ ಮಿಕ್ಸಿ ಗಟ್ಟಿಯಿತ್ತು ಸರಿ, ಆದರೆ ಯಾರ ಮನೆಯಲ್ಲಿತ್ತು? ನಮ್ಮ ಕೇರಿಯಲ್ಲಿ ಇರಲಿಲ್ಲ. ಈಗ ಇದೆ. ತೆಳ್ಳಗೆ ಮಾಡಿದ್ದರಿಂದಲೇ, ಅಗ್ಗ ಮಾಡಿದ್ದರಿಂದಲೇ ಬಂತು. ಗಟ್ಟಿ ಸಾಮಾನು ಬೇಕು ಎನ್ನುವುದು ಉಳ್ಳವರ ಹಾಡಲ್ಲವೇ? ಹೀಗೆ ನಮ್ಮ ಒಂದು ಶಿಬಿರದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಕೇಳಿದ್ದು ಸರಿ. ನಾವು ಅಲ್ಲೇ ಕೂತು ಲೆಕ್ಕ ಹಾಕಿದೆವು. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಸಾಧಾರಣ ಮಿಕ್ಸಿಗೆ 2000 ಅಂತ ಇಟ್ಟುಕೊಂಡರೆ ಐದೂವರೆ ದಿನದ ಕೂಲಿ. ಮೂರು ವರ್ಷಕ್ಕೊಮ್ಮೆ ಕೊಂಡರೆ ಹದಿನೈದು ವರ್ಷಕ್ಕೆ ಐದು ಮಿಕ್ಸಿ, ಇಪ್ಪತ್ತೇಳು ದಿನದ ಕೂಲಿ. ಇದರಲ್ಲಿ ಕಂತಿನ ಬಡ್ಡಿ ಸೇರಿಲ್ಲ, ಸಂಘದ ಸಾಲದ ವಾರದ ವಸೂಲಿಯ ಭಯ ಸೇರಿಲ್ಲ, ಕೆಟ್ಟ ಮಿಕ್ಸಿ ಮೂಲೆಯಲ್ಲಿದ್ದು ಮತ್ತೆ ಒರಳಿಗೆ ಕೂತ ತಿಂಗಳುಗಳು ಸೇರಿಲ್ಲ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಕರೆಂಟು ಬಿಟ್ಟಿ ಬಂತು, ಸ್ವಾಗತ. ಗೃಹಲಕ್ಷ್ಮಿಯ 2000 ಬಂತು, ಅದೂ ಸ್ವಾಗತ. ಆದರೆ ಆ 2000 ಸತ್ತ ಮಿಕ್ಸಿಯ ಜಾಗಕ್ಕೆ ಇನ್ನೊಂದನ್ನು ತರಲು ಹೋದರೆ, ಸರ್ಕಾರ ಕೊಟ್ಟದ್ದು ಯಾರ ಗಲ್ಲಾಪೆಟ್ಟಿಗೆ ಸೇರಿತು? ಅಗ್ಗ ಎನ್ನುವುದು ಮೊದಲ ದಿನದ ಬೆಲೆ. ಬಡವರು ಬದುಕುವುದು ಮೊದಲ ದಿನದಲ್ಲಿ ಮಾತ್ರವಲ್ಲ.

ಇನ್ನು, ಅಗ್ಗಕ್ಕೂ ಮುಚ್ಚುವುದಕ್ಕೂ ಏನು ಸಂಬಂಧ? ತೆಳು ತಗಡು ಹಾಕು, ಒಪ್ಪುತ್ತೇವೆ. ಸ್ಕ್ರೂ ಯಾಕೆ ತೆಗೆದೆ? ಹೊಲಿಗೆ ಮಿಷನ್ನನ್ನು ನೋಡಿ. ಯಂತ್ರವನ್ನು ಬೈದ ಗಾಂಧೀಜಿಯೇ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ನಮ್ಮ ಎಷ್ಟೋ ವಿಧವೆಯರ ಮನೆ ನಡೆಸಿದ ಯಂತ್ರ ಅದು. ಮೂವತ್ತು ನಲವತ್ತು ವರ್ಷದ ಮಿಷನ್ನಿಗೂ ಸೂಜಿ, ಬೆಲ್ಟು, ಬಾಬಿನ್ನು ಯಾವ ಪೇಟೆಯಲ್ಲೂ ಸಿಗುತ್ತವೆ. ಹೊಲಿಯುವವಳೇ ತಗಡು ಸರಿಸಿ ಎಣ್ಣೆ ಬಿಡುತ್ತಾಳೆ. ಅದೇನು ಶ್ರೀಮಂತರ ಯಂತ್ರವೇ?

ಹಾಗಾದರೆ ತಪ್ಪು ಎಲ್ಲಿದೆ? ವಸ್ತು ಕೆಡುವುದು ತಪ್ಪಲ್ಲ, ಕೆಡದ ವಸ್ತುವಿಲ್ಲ. ಕೆಟ್ಟದ್ದನ್ನು ಅರಿಯದಂತೆ ಮಾಡುವುದು ತಪ್ಪು. ನಕ್ಷೆ ಕೊಡುವುದಿಲ್ಲ, ಬಿಡಿಭಾಗ ಮಾರುವುದಿಲ್ಲ, ಬಿಚ್ಚಿದರೆ ವಾರಂಟಿ ಇಲ್ಲ, ನಮ್ಮ ಬಿಲ್ಲೆ ಇರುವವನು ಮಾತ್ರ ಮುಟ್ಟಬೇಕು. ಈ ಮಾತುಗಳನ್ನು ನಾವು ಎಲ್ಲಿ ಕೇಳಿದ್ದೇವೆ? ನೀನು ನೋಡಬಾರದು, ಕೇಳಬಾರದು, ಮುಟ್ಟಬಾರದು. ಏಕಲವ್ಯನ ಹೆಬ್ಬೆರಳು ನೆನಪಾಗುತ್ತದೆ. ಹೋಲಿಕೆ ಅತಿಯಾಯಿತು ಎನ್ನಬಹುದು. ಆಗಿದೆ. ವೇದ ಕೇಳಿದ ಕಿವಿಗೆ ಕಾದ ಸೀಸ ಸುರಿ ಎಂದವರಿಗೂ ಬೋರ್ಡಿನ ಮೇಲೆ ರಾಳ ಸುರಿಯುವವರಿಗೂ ವ್ಯತ್ಯಾಸವಿದೆ. ಇವರು ಎಲ್ಲ ಜಾತಿಯವರಿಗೂ ಸಮಾನವಾಗಿ ಮುಚ್ಚುತ್ತಾರೆ, ಅಷ್ಟರಮಟ್ಟಿಗೆ ಸಮಾನತಾವಾದಿಗಳು! ಆದರೆ ಮುಚ್ಚಿದ್ದರ ಪೆಟ್ಟು ಸಮಾನವಾಗಿ ಬೀಳುವುದಿಲ್ಲ. ಉಳ್ಳವನಿಗೆ ಒಂದು ಮಿಷನ್ನು ಹೋಗುತ್ತದೆ. ಬಿಚ್ಚಿ ಬದುಕುತ್ತಿದ್ದವನಿಗೆ ಬದುಕೇ ಹೋಗುತ್ತದೆ.

ಹೋಗಿ ಎಲ್ಲಿಗೆ ಸೇರುತ್ತದೆ? ಗುಜರಿಗೆ. 2022ರಲ್ಲಿ ಜಗತ್ತು 6 ಕೋಟಿ 20 ಲಕ್ಷ ಟನ್ ವಿದ್ಯುತ್ ಸಾಮಾನಿನ ಕಸ ಮಾಡಿತೆಂದೂ, ಅದರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ ಮಾತ್ರ ಲೆಕ್ಕಪತ್ರವಿಟ್ಟು ಸಂಸ್ಕರಣೆಯಾಯಿತೆಂದೂ ವಿಶ್ವಸಂಸ್ಥೆಯವರ ವರದಿ ಹೇಳಿದೆ. ಉಳಿದದ್ದರಲ್ಲಿ ಬಹಳಷ್ಟು ಬಡವರ ಕೈಗೇ ಬರುತ್ತದೆ. ದೆಹಲಿಯ ಸೀಲಂಪುರದಲ್ಲಿ ಮಕ್ಕಳೂ ಹೆಂಗಸರೂ ತಂತಿ ಸುಲಿಯುತ್ತಾರೆ, ಬೋರ್ಡು ಆಸಿಡ್ಡಿನಲ್ಲಿ ಅದ್ದುತ್ತಾರೆ. ಉತ್ತರಪ್ರದೇಶದ ಮೊರಾದಾಬಾದ್ ಹಿತ್ತಾಳೆ ಪಾತ್ರೆಗೆ ಹೆಸರಾದ ಊರು. ಅದೇ ಊರಿನ ರಾಮಗಂಗಾ ನದಿಯ ದಂಡೆಯಲ್ಲಿ ಬೋರ್ಡು ಸುಟ್ಟು ತಾಮ್ರ ತೆಗೆಯುವ ಕಸುಬು ಬೆಳೆಯಿತು. ಹಿತ್ತಾಳೆ ಕಾಯಿಸುತ್ತಿದ್ದ ಊರಿನಲ್ಲಿ ಬೋರ್ಡು ಸುಡುವ ಹೊಗೆ. ನಮ್ಮೂರುಗಳಲ್ಲೂ ಚೀಲ ಹೊತ್ತು ತಿಪ್ಪೆ ಕೆದಕುವವರು, ರಾತ್ರಿ ಹೊಲದ ಬದುವಿನಲ್ಲಿ ತಂತಿ ಸುಡುವವರು ಯಾವ ಕೇರಿಯವರೆಂದು ಕೇಳಬೇಕೆ? ಕಟ್ಟುವ ವಿದ್ಯೆ ಕಲಿತಿದ್ದ ಕೈಗೆ ಮತ್ತೆ ಹೊಲಸು ಎತ್ತುವ ಕೆಲಸ ಬಂತು. ಸುತ್ತು ಹೊಡೆದು ಹಳೇ ಜಾಗಕ್ಕೇ ತಂದು ಕೂರಿಸಿದ ಹಾಗೆ. ಇ-ತ್ಯಾಜ್ಯದ ನಿಯಮಗಳು 2011ರಲ್ಲಿ ಬಂದವು, 2016ರಲ್ಲಿ ಬದಲಾದವು, 2022ರಲ್ಲಿ ಮತ್ತೆ ಬದಲಾದವು. ನಿಯಮದಲ್ಲಿ ಕಂಪನಿಯ ಹೊಣೆ ಇದೆ, ಗೂಡಂಗಡಿಯವನ ಹೆಸರಿಲ್ಲ.

ಈಚೆಗೆ ರಿಪೇರಿಯ ಹಕ್ಕು ಎಂಬ ಮಾತು ಕೇಳಿಬರುತ್ತಿದೆ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಕೆಲವು ಸಾಮಾನುಗಳ ಮೇಲೆ, ಇದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಅಂತ ಹತ್ತಕ್ಕೆ ಇಷ್ಟು ಎಂದು ಅಂಕ ಅಂಟಿಸಬೇಕು. ಯುರೋಪಿನಲ್ಲಿ ಅದೇ ವರ್ಷದಿಂದ ಬಟ್ಟೆ ಒಗೆಯುವ ಮಿಷನ್ನಿನ ಬಿಡಿಭಾಗ ಹತ್ತು ವರ್ಷ ಸಿಗುವಂತೆ ನೋಡಿಕೊಳ್ಳಬೇಕೆಂದು ಕಟ್ಟು ಮಾಡಿದರು. ನಮ್ಮ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ಒಂದು ಸಮಿತಿ ಮಾಡಿತು; ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ಸಾಮಾನು, ವಾಹನ ಎಂದು ನಾಲ್ಕು ಬಾಬ್ತು. ಆ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲೂ ಬಂತು. ಅಲ್ಲಿ ಕಂಪನಿಗಳ ಸರ್ವೀಸ್ ಸೆಂಟರಿನ ವಿಳಾಸಗಳಿವೆ. ಬಂದದ್ದು ಒಳ್ಳೆಯದೇ, ಆದರೆ ಅದರ ಭಾಷೆಯನ್ನು ಗಮನಿಸಿ. ಎಲ್ಲ ಕಡೆ ಗ್ರಾಹಕನ ಹಕ್ಕು, ಗ್ರಾಹಕನ ಹಕ್ಕು. ರಿಪೇರಿ ಮಾಡುವವನ ಹಕ್ಕು? ಬಸ್‌ಸ್ಟ್ಯಾಂಡಿನ ಹಿಂದಿನ ಗೂಡಿನವನಿಗೆ ನಕ್ಷೆ ಪಡೆಯುವ ಹಕ್ಕು, ಬಿಡಿಭಾಗವನ್ನು ಡೀಲರಿನ ಬೆಲೆಗೆ ಕೊಳ್ಳುವ ಹಕ್ಕು, ಬಿಲ್ಲೆ ಇಲ್ಲದಿದ್ದರೂ ಕಳ್ಳನೆನ್ನಿಸಿಕೊಳ್ಳದೆ ಕೆಲಸ ಮಾಡುವ ಹಕ್ಕು? ನಾವು ಹೋರಾಡಬೇಕಾದದ್ದು ಇದಕ್ಕೆ. ಕೊಂಡವನ ಹಕ್ಕನ್ನು ಕೊಂಡವನೇ ಕೇಳಿಕೊಳ್ಳುತ್ತಾನೆ.

ನಮ್ಮೊಳಗೇ ಇದಕ್ಕೆ ವಿರೋಧವಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಹಿರಿಯ ಗೆಳೆಯರೊಬ್ಬರು ಈ ಬರಹದ ಕರಡು ಕೇಳಿ ಸಿಟ್ಟಾದರು. "ನಮ್ಮಪ್ಪ ಮೆಟ್ಟು ಹೊಲಿದ. ನಾನು ಮೋಟಾರು ಸುತ್ತಿದೆ. ನನ್ನ ಮಗನೂ ಬೇರೆಯವರು ಕೆಡಿಸಿದ್ದನ್ನ ಸರಿಮಾಡ್ತಾ ಕೂರಬೇಕಾ? ಅವನು ಮಿಕ್ಸಿ ಮಾಡೋ ಫ್ಯಾಕ್ಟರಿ ಓನರ್ ಆಗಬಾರದಾ? ನೀವೆಲ್ಲ ರಿಪೇರೀನ ಹಾಡಿ ಹೊಗಳಿ ನಮ್ಮನ್ನ ಅಲ್ಲೇ ಕೂರಿಸ್ತೀರ" ಅಂದರು. ಈ ಮಾತಿಗೆ ನಮ್ಮ ಹತ್ತಿರ ಪೂರ್ತಿ ಉತ್ತರವಿಲ್ಲ. ಮಗ ಓನರ್ ಆಗಲಿ, ಇಂಜಿನಿಯರ್ ಆಗಲಿ, ಆಗಲೇಬೇಕು. ಆದರೆ ಅವನು ಮಾಡುವ ಮಿಕ್ಸಿಗೆ ಸ್ಕ್ರೂ ಇರುತ್ತದೋ ಅಂಟು ಇರುತ್ತದೋ ಅಂತ ನಾವು ಅವನನ್ನೂ ಕೇಳುತ್ತೇವೆ ಎಂದಷ್ಟೇ ಹೇಳಿದೆವು. ಅವರು ನಗಲಿಲ್ಲ. "ಕೇಳಿ, ಮೊದಲು ಆಗಲಿ" ಅಂದು ಎದ್ದು ಹೋದರು.

ಹಳ್ಳಿಯ ಮೇಷ್ಟರುಗಳಿಗೆ ಒಂದು ಮಾತು. ಏಳನೇ, ಎಂಟನೇ ಕ್ಲಾಸಿನ ವಿಜ್ಞಾನದ ಪಾಠಕ್ಕೆ ಕೆಟ್ಟ ಮಿಕ್ಸಿ ಒಂದನ್ನು ತರಿಸಿ. ಪ್ರತಿ ಊರಿನಲ್ಲಿ ಹತ್ತು ಸಿಗುತ್ತವೆ. ಕರೆಂಟು ಕಿತ್ತು, ಹುಡುಗಿಯರ ಕೈಗೆ ಸ್ಕ್ರೂಡ್ರೈವರ್ ಕೊಡಿ. ನಾವು ಒಂದು ಶಾಲೆಯಲ್ಲಿ ಹೀಗೆ ಮಾಡಿಸಿದಾಗ ಕಾರ್ಬನ್ ಬ್ರಷ್ ಸವೆದು ಹುಣಸೆ ಬೀಜದಷ್ಟಾಗಿತ್ತು. ಜೋಡಿಗೆ 30 ರೂಪಾಯಿ. ಮಿಕ್ಸಿ ಓಡಿತು. ಒಬ್ಬ ಹುಡುಗಿ ಬ್ರಷ್ಷನ್ನು ಕೈಯಲ್ಲಿಟ್ಟುಕೊಂಡು, "ಇಷ್ಟಕ್ಕೇ ನಮ್ಮವ್ವ ಎರಡು ವರ್ಷದಿಂದ ಕಲ್ಲಲ್ಲಿ ರುಬ್ಬುತಾವ್ಳೆ" ಅಂದಳು.

ಹೋದ ತಿಂಗಳು ಸಂತೆಗೆ ಹೋಗಿದ್ದೆವು. ಈರುಳ್ಳಿ ರಾಶಿಯ ಪಕ್ಕ ಒಬ್ಬಾತ ಗೋಣಿಚೀಲ ಹಾಸಿಕೊಂಡು ಎಲ್‌ಇಡಿ ಬಲ್ಬು ರಿಪೇರಿ ಮಾಡುತ್ತಿದ್ದ. ವಯಸ್ಸು ಐವತ್ತರ ಮೇಲಿರಬೇಕು. ಹಿಂದೆ ಪೇಟೆಯಲ್ಲಿ ವೈಂಡಿಂಗ್ ಅಂಗಡಿ ಇತ್ತಂತೆ. ಚಾಕುವಿನ ತುದಿಯಲ್ಲಿ ಬಿಳೀ ಟೋಪಿ ಎಬ್ಬಿಸಿ, ಎರಡು ಕಡ್ಡಿ ಮುಟ್ಟಿಸಿ ಸತ್ತ ಕಾಳು ಹುಡುಕಿ, ಅದನ್ನು ಕಿತ್ತು ಬೇರೆ ಕಾಳು ಕೂರಿಸಿ ಉರಿಸಿ ತೋರಿಸುತ್ತಿದ್ದ. ಬಲ್ಬಿಗೆ 20 ರೂಪಾಯಿ. ಸುತ್ತ ಏಳೆಂಟು ಜನ ಕುಕ್ಕರಗಾಲಲ್ಲಿ ಕೂತಿದ್ದರು, ಲಿಂಗಾಯಿತರು, ಗೌಡರು, ಸಾಬರು, ನಮ್ಮವರು. ಒಂದು ಬಲ್ಬಿನ ಟೋಪಿ ಎಷ್ಟು ಮೀಟಿದರೂ ಏಳಲಿಲ್ಲ, ಚಾಕು ಜಾರಿ ಹೆಬ್ಬೆರಳು ಕೊಯ್ದಿತು. ಬೆರಳು ಬಾಯಲ್ಲಿಟ್ಟುಕೊಂಡು ಆ ಬಲ್ಬನ್ನು ಪಕ್ಕದ ರಟ್ಟಿನ ಪೆಟ್ಟಿಗೆಗೆ ಹಾಕಿದ. ಅದೇ ಥರದವು ಅಲ್ಲಿ ಆಗಲೇ ಅರ್ಧ ಪೆಟ್ಟಿಗೆ ಇದ್ದವು. "ಇದು ಹೊಸಾ ಅಂಟು ಸಾ. ಬಿಚ್ಚೋದು ಇನ್ನೂ ಕೈಗೆ ಬಂದಿಲ್ಲ," ಅಂದ. "ಮುಂದಿನ ವಾರ ಬನ್ನಿ."